ನೂರು ಕೋಳಿಯ ಸೀಸೆ, ಹತ್ತು ಕೋಳಿಯ ಮನೆ

ಕೊಕ್ಕರೆ ರೋಗಕ್ಕೆ ರಾಣಿಖೇತ್ ಎಂಬ ಹೆಸರು ಬಂದಿರುವುದು ಕುಮಾವೂಂ ಬೆಟ್ಟಗಳ ಊರೊಂದರಿಂದ. ನಮ್ಮ ದೇಶದಲ್ಲಿ ಅದು 1927ರಲ್ಲಿ ಮೊದಲು ಗುರುತಿಗೆ ಬಂದುದು ಅಲ್ಲಿ. ಹೆಸರು ಬೆಟ್ಟದ್ದಾದರೂ ರೋಗಕ್ಕೆ ಬೆಟ್ಟ, ಬಯಲೆಂಬ ಭೇದವಿಲ್ಲ. ನಮ್ಮ ಹಿತ್ತಲಿಗೂ ಕೃಷ್ಣೆಯ ದಂಡೆಯ ಶಕ್ತಿನಗರದ ಹಿತ್ತಲಿಗೂ ಅದು ಒಂದೇ. ಹಸಿರು ಭೇದಿ, ಏದುಸಿರು, ತಿರುಚಿದ ಕತ್ತು ಕಂಡ ಮೇಲೆ ಗುಣಪಡಿಸುವ ಔಷಧವಿಲ್ಲ. ಇದನ್ನು ಮರೆಮಾಚಿ ಆಂಟಿಬಯೋಟಿಕ್ ಮಾರುವುದು ಸುಲಿಗೆ.

ಉಳಿದಿರುವುದು ಲಸಿಕೆ. ಅದು ಅಗ್ಗ. ಆದರೆ ಸೀಸೆಯೊಂದರಲ್ಲಿ ಸಾಮಾನ್ಯವಾಗಿ ನೂರು ಅಥವಾ ಹೆಚ್ಚು ಕೋಳಿಗಳಿಗಾಗುವಷ್ಟಿರುತ್ತದೆ. ಹತ್ತು ಕೋಳಿ ಸಾಕಿದ ಹೆಣ್ಣುಮಗಳು ಅದನ್ನೇನು ಮಾಡಬೇಕು? 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ರಾಯಚೂರಿನ ಬೇಸಿಗೆಯಲ್ಲಿ, ನಾಡಿಗೆ ವಿದ್ಯುತ್ ಕೊಡುವ ಶಕ್ತಿನಗರದ ನೆರೆಯಲ್ಲೇ ಆದರೂ, ಮಂಜುಗಡ್ಡೆಯಿಲ್ಲದೆ ಒಯ್ದ ಲಸಿಕೆ ಬರಿಯ ನೀರಿಗೆ ಸಮ.

ಆದುದರಿಂದ ಇದು ಒಬ್ಬೊಬ್ಬರ ಕೆಲಸವಲ್ಲ, ಇಡೀ ಓಣಿಯ ಕೆಲಸ. ಅಡ್ಡಾಡುವ ಕೋಳಿಗೆ ಬೇಲಿಯಿಲ್ಲ. ಪಶು ಆಸ್ಪತ್ರೆಗೆ ಮೊದಲೇ ತಿಳಿಸಿ ದಿನ ಗೊತ್ತುಮಾಡಿಕೊಂಡು, ಗೂಡು ತೆರೆಯುವ ಮುನ್ನವೇ ಹಾಕಿಸಬೇಕು: ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೊಂದು ಹನಿ, ಆರರಿಂದ ಎಂಟು ವಾರದೊಳಗೆ ಚುಚ್ಚುಮದ್ದು. ವಿದ್ಯಾರ್ಥಿಗಳು ಮನೆಮನೆಯ ಕೋಳಿಗಳನ್ನು ಎಣಿಸಿ ಪಟ್ಟಿ ಮಾಡಿಕೊಟ್ಟರೆ ಅರ್ಧ ಕೆಲಸವಾದಂತೆ.

ಕಹಿಯಾದರೂ ಇನ್ನೊಂದು ಮಾತು. ನಾಲ್ಕು ಕೋಳಿ ಸತ್ತೊಡನೆ ಉಳಿದವನ್ನು ಸಂತೆಗೊಯ್ಯುವ ರೂಢಿ ನಮ್ಮಲ್ಲಿದೆ. ಬಡವರ ನಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ ಬುಟ್ಟಿಯಲ್ಲಿ ಹೋಗುವುದು ಮತ್ತೊಂದೂರಿನ ಬಡವರ ನಷ್ಟ. ಒಮ್ಮೆಗೇ ಹಲವು ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿರಿ. 2025ರಲ್ಲಿ ಬಳ್ಳಾರಿ ಜಿಲ್ಲೆಯ ಕುರೆಕುಪ್ಪದಲ್ಲಿ ಕಾಣಿಸಿಕೊಂಡದ್ದು ಹಕ್ಕಿಜ್ವರ. ಬರಿಗಣ್ಣಿನಿಂದ ಅದನ್ನೂ ಕೊಕ್ಕರೆ ರೋಗವನ್ನೂ ಬೇರ್ಪಡಿಸಲಾಗದು, ಪ್ರಯೋಗಾಲಯವೇ ಹೇಳಬೇಕು.