ಕೂಸು ಹುಟ್ಟುವ ಮುನ್ನವೇ ಕುಲಾವಿ

ಪ್ರತಿವರ್ಷವೂ ಆಗಸ್ಟ್ ತಿಂಗಳ ನಡುವಿನಲ್ಲಿ ಅಮೆರಿಕದಲ್ಲಿ ಒಂದು ಪಟ್ಟಿ ಪ್ರಕಟವಾಗುತ್ತದೆ. ದೇಶದ ಕಾಲೇಜು ಫುಟ್‌ಬಾಲ್ ತಂಡಗಳಲ್ಲಿ ಅತ್ಯುತ್ತಮವಾದ 25 ತಂಡಗಳು ಯಾವುವು ಎಂಬುದನ್ನು ಅದು ಕ್ರಮವಾಗಿ ಹೇಳುತ್ತದೆ. ಸ್ವಾರಸ್ಯವೇನೆಂದರೆ, ಆ ಹೊತ್ತಿಗೆ ಒಂದೇ ಒಂದು ಪಂದ್ಯವೂ ನಡೆದಿರುವುದಿಲ್ಲ. ಆಮೇಲಿನ ನಾಲ್ಕೈದು ಶನಿವಾರಗಳಲ್ಲಿ ಆ ಪಟ್ಟಿ ಹೇಗೆ ಚಿಂದಿಯಾಗುತ್ತದೆ ಎಂಬುದನ್ನು ನೋಡುವುದೇ ಅಲ್ಲಿನ ಜನರಿಗೆ ಒಂದು ಹಬ್ಬ. 2025ರಲ್ಲಿ ಆ ಹಬ್ಬ ಎಂದಿಗಿಂತಲೂ ಅದ್ದೂರಿಯಾಗಿ ನಡೆಯಿತು. ಹೀಗೇಕಾಗುತ್ತದೆ, ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ವಿಚಾರ ಮಾಡುವುದು ಉಚಿತವೆಂದು ನಾವು ಭಾವಿಸುತ್ತೇವೆ. ನಮ್ಮ ಓದುಗರ ಮನೆಗಳ ಮಕ್ಕಳೂ ಉನ್ನತ ವ್ಯಾಸಂಗಕ್ಕೆಂದು ಆ ದೇಶಕ್ಕೆ ಹೋಗುವ ಈ ದಿನಗಳಲ್ಲಿ ಟೆಕ್ಸಾಸ್, ಪೆನ್ ಸ್ಟೇಟ್, ಮಿಶಿಗನ್ ಮುಂತಾದ ವಿಶ್ವವಿದ್ಯಾಲಯಗಳ ಹೆಸರು ನಮಗೆ ತೀರಾ ಅಪರಿಚಿತವೂ ಅಲ್ಲ.

ಮೊದಲಿಗೆ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಫುಟ್‌ಬಾಲ್ ಎಂದರೆ ಕಾಲಿನ ಆಟ. ಅಮೆರಿಕದವರ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಎರಡು ಕಡೆಯೂ 11 ಮಂದಿ, ಚೆಂಡು ಉದ್ದುದ್ದ. ಅದನ್ನು ಎಸೆದೋ ಹೊತ್ತುಕೊಂಡೋ ಎದುರಾಳಿಯ ಗಡಿ ದಾಟಿಸಿದರೆ 6 ಅಂಕ, ಕಂಬಗಳ ನಡುವೆ ಒದ್ದು ಹಾರಿಸಿದರೆ 3 ಅಂಕ. ಕಾಲೇಜು ಆಟವೆಂದು ಇದನ್ನು ಹಗುರವಾಗಿ ಕಾಣುವಂತಿಲ್ಲ. ಒಂದು ಪಂದ್ಯಕ್ಕೆ ಲಕ್ಷ ಜನ ಸೇರುವ ಮೈದಾನಗಳು ಅಲ್ಲಿವೆ. ಮೇಲಿನ ದರ್ಜೆಯಲ್ಲಿ 130ಕ್ಕೂ ಮಿಕ್ಕಿ ತಂಡಗಳಿವೆ. ಒಂದೊಂದಕ್ಕೂ ಋತುವಿನಲ್ಲಿ ಸಾಮಾನ್ಯವಾಗಿ 12 ಪಂದ್ಯಗಳು. ಇಷ್ಟು ತಂಡಗಳು, ಇಷ್ಟು ಕಡಿಮೆ ಪಂದ್ಯಗಳು! ಎಲ್ಲರೂ ಎಲ್ಲರೊಡನೆ ಆಡುವುದು ಅಸಾಧ್ಯವಾದ್ದರಿಂದ ಯಾರು ಮೇಲು, ಯಾರು ಕೀಳು ಎಂಬುದನ್ನು ಅಭಿಪ್ರಾಯದಿಂದ ತೀರ್ಮಾನಿಸುವ ಪದ್ಧತಿ ಬೆಳೆದುಬಂತು.

ಪಟ್ಟಿಯ ಹುಟ್ಟು

ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ 1936ರಿಂದ ಈ ಪಟ್ಟಿಯನ್ನು ಪ್ರಕಟಿಸುತ್ತಿದೆ. ಋತು ಆರಂಭವಾಗುವ ಮೊದಲೇ ಒಂದು ಪಟ್ಟಿ ಕೊಡುವ ರೂಢಿ 1950ರಲ್ಲಿ ಬಂತು. ಸುಮಾರು 60 ಮಂದಿ ಕ್ರೀಡಾ ಬರಹಗಾರರೂ ಪ್ರಸಾರಕರೂ ಮತ ಹಾಕುತ್ತಾರೆ. ಒಬ್ಬರ ಮತದಲ್ಲಿ ಮೊದಲ ಸ್ಥಾನ ಪಡೆದ ತಂಡಕ್ಕೆ 25 ಅಂಕ, ಎರಡನೆಯದಕ್ಕೆ 24, ಹೀಗೆ ಇಳಿಯುತ್ತಾ 25ನೆಯದಕ್ಕೆ 1 ಅಂಕ. ಎಲ್ಲವನ್ನೂ ಕೂಡಿದರೆ ಪಟ್ಟಿ ಸಿದ್ಧ.

ಈ ಮತದಾರರು ಅರಿಯದವರಲ್ಲ. ಆಟವನ್ನು ವರ್ಷಗಟ್ಟಲೆ ಕಂಡವರು. ಆದರೆ ಆಗಸ್ಟಿನಲ್ಲಿ ಅವರ ಮುಂದೆ ಇರುವುದಾದರೂ ಏನು? ಹಿಂದಿನ ವರ್ಷದ ಫಲಿತಾಂಶ, ತಂಡದ ಹೆಸರು, ಹೊಸದಾಗಿ ಸೇರಿದ ಹುಡುಗರ ಬಗೆಗಿನ ಹೊಗಳಿಕೆ, ಅಷ್ಟೇ. ವೃತ್ತಿಪರ ತಂಡಗಳಿಗೆ ಇರುವಂತೆ ಕಾಲೇಜು ತಂಡಗಳಿಗೆ ಇತರ ತಂಡಗಳೊಡನೆ ಪೂರ್ವಭಾವಿ ಪಂದ್ಯಗಳೂ ಇಲ್ಲ. ಅಂದಮೇಲೆ ಮೊದಲ ಪಟ್ಟಿ ಊಹೆಯಲ್ಲದೆ ಮತ್ತೇನೂ ಆಗಿರಲಾರದು. ಊಹೆ ತಪ್ಪಾಗುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಎಲ್ಲರೂ ಸತ್ಯವೆಂದು ಹಿಡಿದುಕೊಳ್ಳುವುದೇ ಆಶ್ಚರ್ಯ.

ದೊಡ್ಡವರು ಬಿದ್ದ ದಿನಗಳು

ಇಂತಹ ಬೀಳುವಿಕೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು 2007ರ ಸೆಪ್ಟೆಂಬರ್ 1ರದು. ಪಟ್ಟಿಯಲ್ಲಿ 5ನೇ ಸ್ಥಾನದಲ್ಲಿದ್ದ ಮಿಶಿಗನ್ ತಂಡ ತನ್ನದೇ ಮೈದಾನದಲ್ಲಿ, ಲಕ್ಷಕ್ಕೂ ಮಿಕ್ಕಿದ ಪ್ರೇಕ್ಷಕರ ಎದುರಿನಲ್ಲಿ, ಅಪಲೇಚಿಯನ್ ಸ್ಟೇಟ್ ಎಂಬ ತಂಡಕ್ಕೆ 34-32ರಿಂದ ಸೋತಿತು. ನಾರ್ತ್ ಕೆರೊಲಿನಾದ ಬೆಟ್ಟಗಾಡಿನ ಈ ಕಾಲೇಜು ಆಗ ಕೆಳದರ್ಜೆಯಲ್ಲಿ ಆಡುತ್ತಿತ್ತು. ಕೊನೆಯ ಗಳಿಗೆಯಲ್ಲಿ ಮಿಶಿಗನ್ ಒದ್ದ ಚೆಂಡನ್ನು ಎದುರಾಳಿ ತಡೆದಾಗ ಮೈದಾನವಿಡೀ ಸ್ತಬ್ಧವಾಯಿತು. ಮಿಶಿಗನ್ ಪಟ್ಟಿಯಿಂದಲೇ ಹೊರಬಿತ್ತು. ಕೆಳದರ್ಜೆಯ ತಂಡಗಳಿಗೂ ಮತ ಹಾಕಬಹುದೆಂದು ಸುದ್ದಿಸಂಸ್ಥೆ ತನ್ನ ನಿಯಮವನ್ನೇ ತಿದ್ದಿಕೊಂಡಿತು.

2012ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಪಟ್ಟಿಯ ತುದಿಯಲ್ಲಿ ಕುಳಿತು ಋತುವನ್ನು ಆರಂಭಿಸಿ, ಕೊನೆಗೆ 7 ಪಂದ್ಯ ಗೆದ್ದು 6 ಸೋತು ಪಟ್ಟಿಯಲ್ಲಿ ಎಲ್ಲಿಯೂ ಕಾಣದಂತಾಯಿತು. ಮೊದಲ ಸ್ಥಾನದಿಂದ ಹೊರಟ ತಂಡಕ್ಕೆ ಅಂತಹ ಗತಿ 1964ರ ಮಿಸಿಸಿಪ್ಪಿ ತಂಡದ ನಂತರ ಬಂದಿರಲಿಲ್ಲ.

2022ರ ಸೆಪ್ಟೆಂಬರ್ 10ರಂದು ಒಂದೇ ದಿನ ಮೂರು ಗೋಪುರಗಳು ಉರುಳಿದವು. ಅದೇ ಅಪಲೇಚಿಯನ್ ಸ್ಟೇಟ್ 6ನೇ ಸ್ಥಾನದ ಟೆಕ್ಸಾಸ್ ಎ ಅಂಡ್ ಎಂ ತಂಡವನ್ನು 17-14ರಿಂದಲೂ, ಮಾರ್ಷಲ್ ತಂಡ 8ನೇ ಸ್ಥಾನದ ನಾಟರ್ ಡೇಮನ್ನು 26-21ರಿಂದಲೂ, ಜಾರ್ಜಿಯಾ ಸದರ್ನ್ ತಂಡ ನೆಬ್ರಾಸ್ಕಾವನ್ನು 45-42ರಿಂದಲೂ ಸೋಲಿಸಿದವು. ಮೂರೂ ದೊಡ್ಡವರ ಮನೆಯಂಗಳದಲ್ಲಿಯೇ! ಟೆಕ್ಸಾಸ್ ಎ ಅಂಡ್ ಎಂ ಆ ವರ್ಷ ಸೇರಿಸಿಕೊಂಡ ಹುಡುಗರ ಗುಂಪು ದೇಶದಲ್ಲೇ ಶ್ರೇಷ್ಠವೆಂದು ಹೊಗಳಿಸಿಕೊಂಡಿತ್ತು. ಋತು ಮುಗಿದಾಗ ಅದರ ಲೆಕ್ಕ 5 ಗೆಲುವು, 7 ಸೋಲು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ನಮ್ಮ ಗಾದೆ ಕಡಲಾಚೆಗೂ ಸಲ್ಲುತ್ತದೆ.

ಇಲ್ಲಿ ಹಣದ ಮಾತೂ ಇದೆ. ದೊಡ್ಡ ವಿಶ್ವವಿದ್ಯಾಲಯಗಳು ಋತುವಿನ ಆರಂಭದಲ್ಲಿ ಸುಲಭದ ಗೆಲುವಿಗೆಂದು ಸಣ್ಣ ತಂಡಗಳನ್ನು ಹಣ ಕೊಟ್ಟು ಕರೆಸಿಕೊಳ್ಳುತ್ತವೆ. 2007ರಲ್ಲಿ ಅಪಲೇಚಿಯನ್ ಸ್ಟೇಟಿಗೆ ಮಿಶಿಗನ್ ಕೊಟ್ಟದ್ದು 4 ಲಕ್ಷ ಡಾಲರ್. 2022ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ಕೊಟ್ಟದ್ದು 15 ಲಕ್ಷ ಡಾಲರ್. ಸಣ್ಣ ಕಾಲೇಜುಗಳ ಕ್ರೀಡಾ ವಿಭಾಗಗಳಿಗೆ ವರ್ಷದ ಖರ್ಚನ್ನು ಸರಿದೂಗಿಸಲು ಇಂತಹ ಹಣವೂ ನೆರವಾಗುತ್ತದೆ. ಸೋಲಲೆಂದು ಕರೆದವರು ಸಂಭಾವನೆಯನ್ನೂ ಗೆಲುವನ್ನೂ ಒಟ್ಟಿಗೆ ಕೊಂಡೊಯ್ದಾಗ ಆತಿಥೇಯರ ಮುಖ ಹೇಗಿದ್ದೀತು!

2025ರ ಪ್ರಹಸನ

2025ರ ಆರಂಭದ ಪಟ್ಟಿಯಲ್ಲಿ ಟೆಕ್ಸಾಸ್ ಮೊದಲನೆಯದು. ಋತುವಿಗೆ ಮೊದಲೇ ಆ ಸ್ಥಾನ ಅದಕ್ಕೆ ದೊರೆತದ್ದು ಚರಿತ್ರೆಯಲ್ಲೇ ಪ್ರಥಮ. ಪೆನ್ ಸ್ಟೇಟ್ ಎರಡನೆಯದು, ಕ್ಲೆಮ್ಸನ್ ನಾಲ್ಕನೆಯದು. ಆಗಸ್ಟ್ 30ರಂದೇ ಟೆಕ್ಸಾಸ್ ಓಹಾಯೊ ಸ್ಟೇಟಿಗೆ 14-7ರಿಂದ ಸೋತಿತು. ಅದೇ ದಿನ ಕ್ಲೆಮ್ಸನ್ ಲೂಸಿಯಾನಾ ಸ್ಟೇಟಿಗೆ 17-10ರಿಂದ ಶರಣಾಯಿತು. ಟೆಕ್ಸಾಸಿನ ಮೇಲಿನ ನಂಬಿಕೆಗೆ ಮುಖ್ಯ ಆಧಾರ ಆರ್ಚ್ ಮ್ಯಾನಿಂಗ್ ಎಂಬ ತರುಣ. ಅವರ ತಾತನೂ ಇಬ್ಬರು ಚಿಕ್ಕಪ್ಪಂದಿರೂ ಹೆಸರಾಂತ ಆಟಗಾರರು. ಆದರೆ ಆ ತರುಣ ಅದುವರೆಗೆ ಮೊದಲಿನಿಂದ ಆಡಿದ್ದು ಎರಡೇ ಪಂದ್ಯ. ಮನೆತನದ ಹೆಸರಿಗೆ ಮತ ಬಿತ್ತೆಂದರೆ ಅತಿಶಯೋಕ್ತಿಯಾಗದು.

ಪೆನ್ ಸ್ಟೇಟಿನ ಕತೆ ಇನ್ನೂ ಬೋಧಪ್ರದ. ಅದರ ಮೊದಲ ಮೂರು ಪಂದ್ಯಗಳು ನೆವಾಡಾ, ಫ್ಲಾರಿಡಾ ಇಂಟರ್‌ನ್ಯಾಷನಲ್, ವಿಲನೋವಾ ಎಂಬ ದುರ್ಬಲರೊಡನೆ. ಮೂರನ್ನೂ ಗೆದ್ದದ್ದರಿಂದ ಕುಂದುಕೊರತೆಗಳು ಬೆಳಕಿಗೆ ಬರಲಿಲ್ಲ. ಸೆಪ್ಟೆಂಬರ್ 27ರಂದು ಆರೆಗನ್ ಎದುರು 30-24ರಿಂದ, ಅದೂ ಹೆಚ್ಚುವರಿ ಆಟದಲ್ಲಿ, ಸೋತಿತು. ಅದನ್ನು ಕ್ಷಮಿಸಬಹುದಿತ್ತು. ಅಕ್ಟೋಬರ್ 4ರಂದು, ಅಲ್ಲಿಯವರೆಗೆ ನಾಲ್ಕಕ್ಕೆ ನಾಲ್ಕೂ ಸೋತು, ತರಬೇತುದಾರನನ್ನೂ ಕಳೆದುಕೊಂಡಿದ್ದ ಯು.ಸಿ.ಎಲ್.ಎ. ತಂಡ ಪೆನ್ ಸ್ಟೇಟನ್ನು 42-37ರಿಂದ ಕೆಡವಿತು. ಅದೇ ಶನಿವಾರ ಟೆಕ್ಸಾಸ್ ಫ್ಲಾರಿಡಾಕ್ಕೆ ಸೋತಿತು. ಆಗಸ್ಟಿನಲ್ಲಿ ಒಂದು, ಎರಡು ಎನಿಸಿಕೊಂಡಿದ್ದ ತಂಡಗಳೆರಡೂ 25ರ ಪಟ್ಟಿಯಿಂದಲೇ ಒಟ್ಟಿಗೆ ಮಾಯವಾದವು. ಮರುವಾರ ನಾರ್ತ್‌ವೆಸ್ಟರ್ನ್ ಎದುರು ಪೆನ್ ಸ್ಟೇಟ್ ಮತ್ತೆ 22-21ರಿಂದ ಸೋತಾಗ, ಹನ್ನೆರಡನೇ ಋತುವಿನಲ್ಲಿದ್ದ ತರಬೇತುದಾರ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ಮರುದಿನವೇ ಕೈಬಿಡಲಾಯಿತು. ಕ್ಲೆಮ್ಸನ್ ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರನ್ನು ಕಳೆದುಕೊಂಡಿತ್ತು. ಡಿಸೆಂಬರಿನಲ್ಲಿ, ಎರಡನೆಯ ಮತ್ತು ನಾಲ್ಕನೆಯ ಸ್ಥಾನದಿಂದ ಹೊರಟಿದ್ದ ಈ ಎರಡು ತಂಡಗಳು ನ್ಯೂಯಾರ್ಕಿನಲ್ಲಿ ಎದುರಾದದ್ದು ಹೆಚ್ಚು ಮಹತ್ವವಿಲ್ಲದ ಒಂದು ಪಂದ್ಯದಲ್ಲಿ.

ಕಾರಣಗಳೇನು?

ಪಟ್ಟಿ ಮಾಡುವವರ ಕೆಲಸ ಹಿಂದಿಗಿಂತ ಈಗ ಕಠಿಣವಾಗಿದೆ ಎಂಬುದನ್ನು ಒಪ್ಪಲೇಬೇಕು. 2021ರಿಂದ ವಿದ್ಯಾರ್ಥಿ ಆಟಗಾರರು ಒಂದು ವರ್ಷ ಕಾಯುವ ಶಿಕ್ಷೆಯಿಲ್ಲದೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ಆಡಬಹುದು. ಅದೇ ವರ್ಷದ ಜುಲೈಯಿಂದ ತಮ್ಮ ಹೆಸರು, ಚಿತ್ರಗಳ ಬಳಕೆಗೆ ಹಣ ಪಡೆಯಲೂ ಅನುಮತಿ ಸಿಕ್ಕಿತು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಹೀಗಾಗಿ ಒಂದು ತಂಡದ ಅರ್ಧದಷ್ಟು ಮಂದಿ ಒಂದೇ ವರ್ಷದಲ್ಲಿ ಬದಲಾಗುವುದುಂಟು. ಹೆಸರು ಹಳೆಯದು, ಆಳುಗಳು ಹೊಸಬರು. ಹಿಂದಿನ ವರ್ಷದ ಯಶಸ್ಸನ್ನು ನೋಡಿ ಈ ವರ್ಷದ ಸ್ಥಾನ ನಿರ್ಧರಿಸುವುದು, ಕಳೆದ ವರ್ಷದ ಮಳೆಯನ್ನು ನಂಬಿ ಈ ವರ್ಷ ಬಿತ್ತಿದಂತೆ.

ಇನ್ನೊಂದು ಕಾರಣ ಮನುಷ್ಯ ಸ್ವಭಾವದ್ದು. ಒಮ್ಮೆ ಮೇಲಿಟ್ಟದ್ದನ್ನು ಕೆಳಗಿಳಿಸಲು ಮನಸ್ಸು ಬಾರದು. ಮೇಲಿರುವ ತಂಡ ಗೆಲ್ಲುತ್ತಿರುವಷ್ಟು ಕಾಲ, ಯಾರೊಡನೆ ಗೆದ್ದಿತೆಂಬ ವಿಚಾರಣೆ ಕಡಿಮೆ. ಕೆಳಗಿನ ತಂಡ ಚೆನ್ನಾಗಿ ಆಡಿದರೂ ಮೇಲಿನವರು ಸೋಲುವವರೆಗೆ ಕಾಯಬೇಕು. ಆಗಸ್ಟಿನ ಊಹೆ ಅಕ್ಟೋಬರಿನವರೆಗೂ ನೆರಳಾಗಿ ಹಿಂಬಾಲಿಸುತ್ತದೆ.

ಅಚ್ಚರಿಯನ್ನೂ ಅಳೆದು ನೋಡಬೇಕು

ಹಾಗೆಂದು ಒಂದು ಸೋಲಿನಿಂದಲೇ ತೀರ್ಪು ಕೊಡುವುದೂ ತಪ್ಪು. 2024ರ ಸೆಪ್ಟೆಂಬರ್ 7ರಂದು ನಾರ್ದರ್ನ್ ಇಲಿನಾಯ್ ತಂಡ, 5ನೇ ಸ್ಥಾನದ ನಾಟರ್ ಡೇಮನ್ನು 16-14ರಿಂದ ಸೋಲಿಸಿತು. ಆ ಪಂದ್ಯಕ್ಕೆ ಬರಲು ಅದಕ್ಕೆ ಸಿಕ್ಕಿದ್ದು 14 ಲಕ್ಷ ಡಾಲರ್. ನಾಟರ್ ಡೇಮಿನ ಕತೆ ಮುಗಿಯಿತೆಂದು ಎಲ್ಲರೂ ಬರೆದರು. ಅದಾದರೋ ಮುಂದಿನ 13 ಪಂದ್ಯಗಳನ್ನೂ ಸತತವಾಗಿ ಗೆದ್ದು, 2025ರ ಜನವರಿಯಲ್ಲಿ ರಾಷ್ಟ್ರೀಯ ಅಂತಿಮ ಪಂದ್ಯವನ್ನು ತಲುಪಿ, ಅಲ್ಲಿ ಓಹಾಯೊ ಸ್ಟೇಟಿಗೆ 34-23ರಿಂದ ಸೋತಿತು. ಗೆದ್ದ ನಾರ್ದರ್ನ್ ಇಲಿನಾಯ್ ತನ್ನ ಮರುಪಂದ್ಯದಲ್ಲಿಯೇ ಬಫೆಲೊ ಎದುರು ಮುಗ್ಗರಿಸಿತು.

ಫ್ಲಾರಿಡಾ ಸ್ಟೇಟಿನ ಮೂರು ವರ್ಷಗಳು ಈ ಇಡೀ ವಿಷಯದ ಸಾರಾಂಶವೆನ್ನಬಹುದು. 2023ರಲ್ಲಿ 13ಕ್ಕೆ 13 ಗೆದ್ದರೂ, ಪ್ರಮುಖ ಆಟಗಾರ ಗಾಯಗೊಂಡಿದ್ದಾರೆಂಬ ಕಾರಣಕ್ಕೆ ನಾಲ್ಕು ತಂಡಗಳ ಅಂತಿಮ ಸುತ್ತಿಗೆ ಆಯ್ಕೆ ಸಮಿತಿ ಅದನ್ನು ಸೇರಿಸಲಿಲ್ಲ. ಒಂದು ಪಂದ್ಯ ಸೋತಿದ್ದ ಅಲಬಾಮಾಕ್ಕೆ ಆ ಸ್ಥಾನ ಹೋಯಿತು. 2024ರಲ್ಲಿ 10ನೇ ಸ್ಥಾನ ಕೊಟ್ಟು ಗೌರವಿಸಿದರೆ, ಡಬ್ಲಿನ್ನಿನಲ್ಲಿ ನಡೆದ ಮೊದಲ ಪಂದ್ಯದಲ್ಲೇ ಜಾರ್ಜಿಯಾ ಟೆಕ್ಕಿಗೆ ಸೋತು, ಕೊನೆಗೆ 2 ಗೆಲುವು, 10 ಸೋಲಿಗೆ ಇಳಿಯಿತು. 2025ರಲ್ಲಿ ಯಾರೂ ಲೆಕ್ಕಕ್ಕಿಡದಿದ್ದಾಗ ಮೊದಲ ದಿನವೇ 8ನೇ ಸ್ಥಾನದ ಅಲಬಾಮಾವನ್ನು 31-17ರಿಂದ ಬಡಿದುಹಾಕಿತು. ಮತದಾರರು ಹಿಗ್ಗಿ ಅದನ್ನು 7ನೇ ಸ್ಥಾನದವರೆಗೆ ಏರಿಸಿದರು. ಋತು ಮುಗಿದಾಗ ಅದರ ಲೆಕ್ಕ 5 ಗೆಲುವು, 7 ಸೋಲು. ಸೋತ ಅಲಬಾಮಾ 12 ತಂಡಗಳ ಅಂತಿಮ ಸುತ್ತಿನಲ್ಲಿತ್ತು! ಅತಿ ಹೊಗಳಿಕೆಯೂ ಅತಿ ತೆಗಳಿಕೆಯೂ ಒಂದೇ ಅವಸರದ ಎರಡು ಮುಖಗಳು.

ಬೆಲೆ ತೆರುವವರು

ಇದೆಲ್ಲ ಬರೀ ವಿನೋದವೆಂದು ಬಿಡುವಂತಿಲ್ಲ. ಸ್ಥಾನ ಏರಿದಷ್ಟೂ ನಿರೀಕ್ಷೆ ಏರುತ್ತದೆ. ನಿರೀಕ್ಷೆ ಮುರಿದಾಗ ತಲೆದಂಡ ತರಬೇತುದಾರರದು. ಜಾರ್ಜಿಯಾ ಸದರ್ನಿಗೆ ಸೋತ ಮರುದಿನವೇ ನೆಬ್ರಾಸ್ಕಾ ತನ್ನ ತರಬೇತುದಾರ ಸ್ಕಾಟ್ ಫ್ರಾಸ್ಟ್ ಅವರನ್ನು ತೆಗೆಯಿತು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಕೊಡಬೇಕಾಗಿದ್ದ ಪರಿಹಾರ 150 ಲಕ್ಷ ಡಾಲರಿನಿಂದ 75 ಲಕ್ಷಕ್ಕೆ ಇಳಿಯುತ್ತಿತ್ತು. ಮೂರು ವಾರದ ತಾಳ್ಮೆಯ ಬೆಲೆ 75 ಲಕ್ಷ ಡಾಲರ್! ವಿದ್ಯಾಸಂಸ್ಥೆಯೊಂದು ಈ ಹಣವನ್ನು ಯಾವ ಲೆಕ್ಕದಲ್ಲಿ ಖರ್ಚು ಹಾಕಿತೆಂದು ಕೇಳುವ ಹಕ್ಕು ಅಲ್ಲಿನ ವಿದ್ಯಾರ್ಥಿಗಳಿಗೂ ಪೋಷಕರಿಗೂ ಉಂಟು. ಇಪ್ಪತ್ತು ವರ್ಷದ ಹುಡುಗರ ಮೇಲೆ ಬೀಳುವ ನಿಂದೆಯನ್ನಂತೂ ಯಾವ ಡಾಲರಿನಲ್ಲಿಯೂ ಅಳೆಯಲಾಗದು.

ಅಂತಿಮ ಸುತ್ತಿಗೆ ತಂಡಗಳನ್ನು ಆರಿಸುವ ಸಮಿತಿ ತನ್ನ ಮೊದಲ ಪಟ್ಟಿಯನ್ನು ನವೆಂಬರ್ ಸಮೀಪಿಸುವವರೆಗೆ ಪ್ರಕಟಿಸುವುದಿಲ್ಲ. ಪತ್ರಿಕೆಯವರ ಪಟ್ಟಿಯೂ ನಾಲ್ಕೈದು ವಾರಗಳ ಆಟ ಮುಗಿದ ಮೇಲೆ ಬಂದರೆ ಒಳಿತಲ್ಲವೇ ಎಂಬುದು ನ್ಯಾಯವಾದ ಪ್ರಶ್ನೆ. ಬರಲಾರದು ಎಂಬುದು ನಮ್ಮ ಅನಿಸಿಕೆ. ಆಗಸ್ಟಿನ ಪಟ್ಟಿಯಿಂದ ಪತ್ರಿಕೆ ಮಾರಾಟವಾಗುತ್ತದೆ, ದೂರದರ್ಶನದ ಮುಂದೆ ಜನ ಕೂರುತ್ತಾರೆ, ಚರ್ಚೆ ಬಿಸಿಯಾಗುತ್ತದೆ. ಊಹೆಗೆ ಗಿರಾಕಿಗಳಿರುವಾಗ ಅಂಗಡಿ ಮುಚ್ಚುವವರಾರು?

2025ರ ಆರಂಭದ ಪಟ್ಟಿಯಲ್ಲಿ 20ನೇ ಸ್ಥಾನದಲ್ಲಿ ಇಂಡಿಯಾನಾ ಎಂಬ ಹೆಸರಿತ್ತು. ಫುಟ್‌ಬಾಲಿನಲ್ಲಿ ಸೋಲಿಗೇ ಹೆಸರಾಗಿದ್ದ ವಿಶ್ವವಿದ್ಯಾಲಯ ಅದು. 2023ರಲ್ಲಿ 12ರಲ್ಲಿ ಗೆದ್ದದ್ದು ಮೂರೇ ಪಂದ್ಯ. ಕರ್ಟ್ ಸಿಗ್ನೆಟ್ಟಿ ಎಂಬ ತರಬೇತುದಾರರು ಬಂದು, ತಮ್ಮ ಹಿಂದಿನ ಸಣ್ಣ ಕಾಲೇಜಿನ ಹಲವು ಹುಡುಗರನ್ನೂ ಕರೆತಂದು ತಂಡ ಕಟ್ಟಿದರು. 2026ರ ಜನವರಿಯಲ್ಲಿ ಮಯಾಮಿಯನ್ನು 27-21ರಿಂದ ಸೋಲಿಸಿ, 16ಕ್ಕೆ 16 ಗೆದ್ದು, ಆ ತಂಡ ರಾಷ್ಟ್ರದ ಚಾಂಪಿಯನ್ ಆಯಿತು. ಆಗಸ್ಟಿನಲ್ಲಿ ಅದಕ್ಕಿಂತ ಮೇಲೆ 19 ತಂಡಗಳಿದ್ದವು. ಕುಲಾವಿ ಹೊಲಿಯುವವರು ಹೊಲಿಯುತ್ತಿರಲಿ; ಅದು ಯಾವ ಕೂಸಿನ ತಲೆಗೆ ಹೊಂದುತ್ತದೆ ಎಂಬುದನ್ನು ಮೈದಾನವೇ ಹೇಳಬೇಕು.