ಗಾಳಿಯೂ ಸಾರ್ವಜನಿಕ ಸ್ವತ್ತು

ಕುಡಿಯುವ ನೀರು ಕೆಟ್ಟರೆ ಊರೆಲ್ಲವೂ ಕೂಗೆಬ್ಬಿಸುತ್ತದೆ. ನೂರು ಮಂದಿ ಮುಚ್ಚಿದ ಕೊಠಡಿಯೊಂದರಲ್ಲಿ ಕುಳಿತು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಸೇವಿಸುತ್ತಿದ್ದರೆ ಯಾರೊಬ್ಬರೂ ತುಟಿ ಬಿಚ್ಚುವುದಿಲ್ಲ. 2020 ಮತ್ತು 2021ರಲ್ಲಿ ಕೋವಿಡ್ ವ್ಯಾಧಿಯು ಕಲಿಸಿದ ಪಾಠವನ್ನು ನಾವು ಇಷ್ಟು ಬೇಗನೆ ಮರೆತಿರುವುದು ವ್ಯಸನಕರವಾದ ಸಂಗತಿ.

ವಸತಿಗೂ ವ್ಯಾಧಿಗೂ ಇರುವ ನಂಟು ಕನ್ನಡನಾಡಿಗೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿದ ತರುವಾಯ, ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರುವ ಸಲುವಾಗಿ ವಿಶಾಲವಾದ ಬೀದಿಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಪ್ಲೇಗನ್ನು ತರುವುದು ಮುಖ್ಯವಾಗಿ ಇಲಿಯ ಚಿಗಟ. ಕ್ಷಯ, ಕೋವಿಡ್‌ಗಳಾದರೋ ಗಾಳಿಯಲ್ಲಿಯೇ ಸಂಚರಿಸತಕ್ಕವು. ಆದುದರಿಂದ ಇಂದು ಬೀದಿಯಷ್ಟೇ ಅಲ್ಲ, ಕೊಠಡಿಯೂ ವಿಚಾರಣೆಗೆ ಒಳಗಾಗಬೇಕು. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ನಮ್ಮ ದೇಶದವರು. 2025ರೊಳಗೆ ಕ್ಷಯವನ್ನು ತೊಲಗಿಸುವೆವೆಂದು 2018ರಲ್ಲಿ ರಾಷ್ಟ್ರವು ಕೊಟ್ಟ ಮಾತು ಈಡೇರಲಿಲ್ಲ. ಔಷಧವೊಂದರಿಂದಲೇ ಅದು ಈಡೇರಲಾರದು.

ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಶೋಧನೆಯು ಗಮನಾರ್ಹವಾದುದು. ಎತ್ತರವಾದ ಮಾಳಿಗೆ, ದೊಡ್ಡ ಕಿಟಕಿಗಳುಳ್ಳ ಹಳೆಯ ಕಟ್ಟಡಗಳಲ್ಲಿ ಗಂಟೆಗೆ ಸುಮಾರು 40 ಬಾರಿ ಗಾಳಿ ಬದಲಾದರೆ, ಹೊಸ ಕಟ್ಟಡಗಳಲ್ಲಿ ಬದಲಾದುದು ಸುಮಾರು 17 ಬಾರಿ. ಮುಚ್ಚಿದ ಕೊಠಡಿಯಲ್ಲಿ ಗೋಡೆಗೆ ತೂಗುಹಾಕುವ ತಂಪುಯಂತ್ರವು ಒಳಗಣ ಗಾಳಿಯನ್ನೇ ತಿರುಗಿಸುವುದಲ್ಲದೆ ಹೊಸ ಗಾಳಿಯನ್ನು ತರುವುದಿಲ್ಲವೆಂಬುದನ್ನೂ ನೆನೆಯಬೇಕು.

ತುಂಗಭದ್ರೆಯ ಎಡದಂಡೆಯ ನೀರಿನಿಂದ ಭತ್ತದ ಕಣಜವಾಗಿರುವ ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಂಥ ಊರುಗಳಲ್ಲಿ ಹಣ ಕೂಡಿದಂತೆ ಕಲ್ಯಾಣಮಂಟಪ, ಪಾಠಶಾಲೆ, ದವಾಖಾನೆಗಳು ಏಳುವುದು ಸಹಜವೇ. ಬೇಸಗೆಯ ಬಿಸಿಗಾಳಿಯಲ್ಲಿ, ಧೂಳಿನಲ್ಲಿ ಕಿಟಕಿ ತೆರೆಯುವುದು ಹೇಗೆಂದು ಕೇಳುವವರುಂಟು. ಆ ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರವು ನಕ್ಷೆಯಲ್ಲಿದೆ: ಎದುರುಬದುರಾದ ಕಿಟಕಿಗಳು, ಮಾಳಿಗೆಯ ಬಳಿ ಸದಾ ತೆರೆದ ಗವಾಕ್ಷಿಗಳು, ಬಿಸಿಲನ್ನು ತಡೆವ ಅಗಲವಾದ ಸೂರು, ರೋಗಿಗಳು ಕಾದಿರಲು ನೆರಳುಳ್ಳ ಜಗಲಿ. ಕಟ್ಟಿದ ಮೇಲೆ ಗೋಡೆ ಒಡೆಯುವುದಕ್ಕಿಂತ ಕಟ್ಟುವ ಮುನ್ನ ಗೆರೆ ಎಳೆಯುವುದು ಅಗ್ಗ.

ಒಬ್ಬೊಬ್ಬ ವ್ಯಕ್ತಿಗೆ ಸೆಕೆಂಡಿಗೆ 10 ಲೀಟರು ಹೊಸ ಗಾಳಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸಾರ್ವಜನಿಕ ಕಟ್ಟಡಗಳಿಗೆ ಅಳತೆಯನ್ನು ಸೂಚಿಸಿತು. ಲೆಕ್ಕ ತಿಳಿದಿದೆ, ಮಾರ್ಗವೂ ತಿಳಿದಿದೆ. ಜನರು ನೆರೆಯುವ ಯಾವ ಕಟ್ಟಡದ ನಕ್ಷೆಗೂ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂಬುದನ್ನು ವಿಚಾರಿಸದೆ ಪಂಚಾಯಿತಿಗಳು ಒಪ್ಪಿಗೆ ಕೊಡದಿರಲಿ. ಬಡವನಿಗೆ ಬೇರೆ ಕೊಠಡಿಯನ್ನು ಆರಿಸುವ ಸ್ವಾತಂತ್ರ್ಯವಿಲ್ಲ. ಅವನ ಉಸಿರಿನ ಹೊಣೆ ಸಮಾಜದ್ದು.