ಸಹಿ ಹಾಕುವ ಮುನ್ನ: ವೀರ್ಯದಾನದ ಬಗ್ಗೆ ತಿಳಿದಿರಬೇಕಾದದ್ದು

ಆಂಧ್ರದ ರಾಯದುರ್ಗ, ಮಡಕಶಿರಾ ಸೀಮೆಯ ಹಳ್ಳಿಗಳಲ್ಲಿ ಹಸು ಬೆದೆಗೆ ಬಂದರೆ ಕೃತಕ ಗರ್ಭಧಾರಣೆ ಮಾಡುವ ಗೋಪಾಲಮಿತ್ರನಿಗೆ ಫೋನು ಹೋಗುತ್ತದೆ. ಆತ ತಂದ ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದೆ. ಚಿಮಟದಿಂದ ಕಡ್ಡಿಯಂಥ ಸಣ್ಣ ನಳಿಕೆ ಎತ್ತಿ, ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಹಸುವಿಗೆ ‘ಇಂಜೆಕ್ಷನ್’ ಕೊಡುತ್ತಾನೆ. ಆ ಹೊಗೆಗೆ ಕಾರಣ ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಮನುಷ್ಯರ ವೀರ್ಯ ಬ್ಯಾಂಕಿನಲ್ಲಿರುವುದೂ ಇದೇ ತಣ್ಣನೆಯ ಕ್ಯಾನು.

ವಿಜ್ಞಾನ ಒಂದೇ, ಕಟ್ಟಳೆ ಮಾತ್ರ ಪೂರಾ ಬೇರೆ. ಒಂದು ಹೋರಿಯ ವೀರ್ಯ ಸಾವಿರಾರು ಹಸುಗಳಿಗೆ ಹೋಗಬಹುದು. ಒಬ್ಬ ದಾನಿಯ ವೀರ್ಯವನ್ನು ಬ್ಯಾಂಕು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. 2022ರ ಜನವರಿ 25ರಂದು ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯ ಮಾತು ಇದು. ರಾಯದುರ್ಗದವರು ಬಳ್ಳಾರಿಗೆ ಹೋಗಲಿ, ಮಡಕಶಿರಾದವರು ಬೆಂಗಳೂರಿಗೆ ಹೋಗಲಿ, ರಾಜ್ಯದ ಗಡಿ ದಾಟಿದರೂ ಕಾನೂನು ಬದಲಾಗುವುದಿಲ್ಲ.

ಆದರೆ ದಾನಿಯ ಮಾತು ಬರುವುದಕ್ಕೂ ಮೊದಲು ಆಗಬೇಕಾದದ್ದೊಂದಿದೆ. ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬದಿದ್ದರೆ ಹರಕೆ, ಉಪವಾಸ, ಸ್ಕ್ಯಾನಿಂಗ್ ಎಲ್ಲವೂ ಸೊಸೆಯ ಪಾಲಿಗೇ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ದೇಹದಲ್ಲೂ ಕಾರಣವಿರುತ್ತದೆ. ಎಲ್ಲಕ್ಕಿಂತ ಸುಲಭದ, ಕಡಿಮೆ ಖರ್ಚಿನ ಪರೀಕ್ಷೆ ಗಂಡನ ವೀರ್ಯ ಪರೀಕ್ಷೆ. ಅದನ್ನು ಮೊದಲೇ ಮಾಡಿಸಿದರೆ ಹೆಣ್ಣಿನ ಎಷ್ಟೋ ವರ್ಷದ ಕಣ್ಣೀರು ಉಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳನ್ನು ಕೆಳಮಿತಿಯೆಂದು ಸೂಚಿಸುತ್ತದೆ. ಅದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ದಾನಿ ಬೇಕೆಂದೇನಿಲ್ಲ. ಕೆಲವೇ ವೀರ್ಯಾಣು ಇದ್ದರೂ ಒಂದನ್ನು ಆರಿಸಿ ನೇರವಾಗಿ ಅಂಡದೊಳಗೆ ಸೇರಿಸುವ ‘ಇಕ್ಸಿ’ ಇದೆ. ವೀರ್ಯದಲ್ಲಿ ಒಂದೂ ಕಾಣದಿದ್ದಾಗ, ನಾಳ ಕಟ್ಟಿಕೊಂಡಿದ್ದರೆ, ವೃಷಣದಿಂದಲೇ ತೆಗೆಯಲು ಸಾಧ್ಯವಾಗಬಹುದು. ‘ನಮ್ಮದೇ ಆಗುವ ದಾರಿ ಉಳಿದಿದೆಯೇ?’ ಎಂದು ಗಂಡ ಹೆಂಡತಿ ಇಬ್ಬರೂ ವೈದ್ಯರನ್ನು ಕೇಳಲೇಬೇಕು. ಆ ದಾರಿಗಳು ಮುಚ್ಚಿದ ಮೇಲೆ ದಾನಿಯ ಮಾತು.

ದಾನಿ 21ರಿಂದ 55 ವರ್ಷದೊಳಗಿನವನಿರಬೇಕು. ನೋಂದಾಯಿತ ಬ್ಯಾಂಕು ಅವನ ಆಧಾರ್ ವಿವರ ಪಡೆದು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಮಾಡಿಸುತ್ತದೆ. ಕೊಟ್ಟ ವೀರ್ಯವನ್ನು ಅಂದೇ ಬಳಸುವ ಪದ್ಧತಿಯಿಲ್ಲ. ಎಚ್‌ಐವಿ ತಗುಲಿದ ಹೊಸತರಲ್ಲಿ ರಕ್ತಪರೀಕ್ಷೆಗೆ ಸಿಗದೇ ಹೋಗಬಹುದು. ಹಾಗಾಗಿ ಆರು ತಿಂಗಳು ಹೆಪ್ಪುಗಟ್ಟಿಸಿಟ್ಟು, ದಾನಿಯನ್ನು ಮತ್ತೆ ಪರೀಕ್ಷಿಸುವ ಕ್ರಮವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2005ರ ಮಾರ್ಗಸೂಚಿಯಲ್ಲೇ ಹೇಳಿದೆ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ವೀರ್ಯದ ವ್ಯಾಪಾರಕ್ಕೆ ಇಳಿಯುವುದು ಶಿಕ್ಷಾರ್ಹ ಅಪರಾಧ.

ಪಡೆಯುವ ಹೆಂಗಸಿಗೆ 21ರಿಂದ 50, ಗಂಡನಿಗೆ 21ರಿಂದ 55 ವರ್ಷದ ಮಿತಿ. ಒಂಟಿ ಮಹಿಳೆಗೂ ಅವಕಾಶವಿದೆ. ಅಂಡ ಬಿಡುಗಡೆಯಾಗುವ ದಿನ ನೋಡಿಕೊಂಡು, ಶುದ್ಧಗೊಳಿಸಿದ ವೀರ್ಯವನ್ನು ತೆಳು ನಳಿಕೆಯಿಂದ ಗರ್ಭಕೋಶಕ್ಕೆ ಬಿಡುತ್ತಾರೆ. ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ, ಶಸ್ತ್ರಚಿಕಿತ್ಸೆಯಿಲ್ಲ. ಮೊದಲ ಸಲಕ್ಕೇ ಫಲಿಸಬೇಕೆಂದಿಲ್ಲ.

‘ಮೈದುನನದೇ ಆದರೆ ರಕ್ತ ಮನೆಯಲ್ಲೇ ಉಳಿಯುತ್ತದಲ್ಲ’ ಎಂದು ಹಿರಿಯರು ಕೇಳುವುದುಂಟು. ಬಂಧುಗಳ, ಪರಿಚಿತರ ವೀರ್ಯ ಬಳಸಬಾರದೆಂದು ಮಂಡಳಿಯ ಅದೇ ಮಾರ್ಗಸೂಚಿ ಹೇಳಿತ್ತು. ಅದರ ಹಿಂದಿನ ವಿವೇಕ ನಮಗೆ ಅರ್ಥವಾಗದ್ದೇನಲ್ಲ. ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರ ನಡುವೆ, ನಾಳೆ ಆಸ್ತಿಯ ಜಗಳ ಎದ್ದಾಗ, ಈ ಮಾತು ಕೂಸಿನ ಮೇಲೆಯೇ ಬೀಳುತ್ತದೆ. ದಾನಿ ಯಾರೆಂದು ದಂಪತಿಗೆ ಗೊತ್ತಿಲ್ಲದಿದ್ದರೆ ಆ ಹಂಗು ಇರದು. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ಕಾನೂನಿನ ಕಣ್ಣಿನಲ್ಲಿ ಅದು ಆ ದಂಪತಿಯದೇ ಮಗು, ಸ್ವಂತ ಮಕ್ಕಳಿಗಿರುವ ಎಲ್ಲ ಹಕ್ಕೂ ಅದಕ್ಕುಂಟು.

ಈ ಭರವಸೆಯೆಲ್ಲ ನಿಂತಿರುವುದು ಲಿಖಿತ ಒಪ್ಪಿಗೆಯ ಮೇಲೆ. ನಮ್ಮ ಚಿಂತೆಯಿರುವುದೂ ಅಲ್ಲಿಯೇ. ಮಡಕಶಿರಾ ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಎರಡೂ ಕಡೆ ಮನೆಯ ಮಾತು ಕನ್ನಡವಾದವರು ಬಹಳ ಮಂದಿ. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇದ್ದರೆ ‘ಇಲ್ಲಿ ಸಹಿ ಹಾಕಮ್ಮಾ’ ಎಂಬ ಮಾತಿಗೆ ಕೈ ತಾನಾಗಿ ಮುಂದೆ ಹೋಗುತ್ತದೆ. ಹೋಗಬಾರದು. ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಬಳಸುವುದು ಗಂಡನದೋ, ದಾನಿಯದೋ? ಕ್ಲಿನಿಕ್ಕು, ಬ್ಯಾಂಕು ಎರಡಕ್ಕೂ ನೋಂದಣಿ ಇದೆಯೇ? ಗರ್ಭಕೋಶಕ್ಕೆ ಬಿಡುವವರೆಗೂ ‘ಬೇಡ’ ಎನ್ನುವ ಹಕ್ಕು ನಿಮಗಿದೆ. ಹೆಂಡತಿಗೆ ಗೊತ್ತಿಲ್ಲದೆ ಗಂಡನಾಗಲಿ, ಗಂಡನಿಗೆ ಗೊತ್ತಿಲ್ಲದೆ ಅತ್ತೆಯಾಗಲಿ ತೀರ್ಮಾನಿಸುವ ಸಂಗತಿ ಇದಲ್ಲ.

ಊರಿಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ಗಂಡ ಹೆಂಡತಿಯ ನಡುವೆ ಮಾತ್ರ ಇದು ಗುಟ್ಟಾಗಿರಬಾರದು. ಇಬ್ಬರೂ ಓದಿಸಿಕೊಂಡು, ಒಂದು ರಾತ್ರಿ ಮನೆಯಲ್ಲಿ ಕೂತು ಮಾತಾಡಿ, ಮರುದಿನ ಹೋಗಿ ಹಾಕಿದ ಸಹಿಯೇ ಆ ಮಗುವಿಗೆ ತಂದೆತಾಯಿ ಕೊಡುವ ಮೊದಲ ಮಾತು.